ಆ ಕುರ್ಚಿಯಲ್ಲಿ ನೀವೂ ಕೂತುಕೊಳ್ಳಿ

ಮನೆಗೆ ಮಿಕ್ಸಿ ಬಂದರೆ ಅದು ‘ನಿನಗೆ’ ಅಂತ ತಂದದ್ದು. ಗ್ರೈಂಡರ್ ಬಂದರೂ ‘ನಿನಗೆ’. ಕುಕ್ಕರು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ನಮಗೇ. ಆ ಚಟ್ನಿ ತಿನ್ನುವವರು, ಆ ಷರಟು ತೊಡುವವರು ಪಕ್ಕದ ಮನೆಯವರೇನೋ ಎನ್ನುವ ಹಾಗೆ! ಆದರೆ ದುಬಾರಿ ಸ್ಪೀಕರು ಬಂದಾಗ ಮಾತ್ರ ಅದು ‘ಮನೆಗೆ’ ಅಂತ ತಂದದ್ದು. ಮನೆಗೆ ಅಂದಮೇಲೆ ಅದರಲ್ಲಿ ನಮಗೂ ಒಂದು ಪಾಲು ಇರಬೇಕಲ್ಲ? ಇದೆಯೇ? ಅದನ್ನೇ ಇವತ್ತು ನಿಮ್ಮ ಜೊತೆ ಮಾತಾಡೋಣ ಅಂತ ಕೂತಿದ್ದೇನೆ.

“ಸ್ಪೀಕರಿನ ವಿಷಯ ನಮಗ್ಯಾಕಮ್ಮ, ಅದು ದುಡ್ಡಿದ್ದವರ ಚಾಳಿ” ಅಂತ ಪುಟ ಮಗುಚಬೇಡಿ. ನಮ್ಮಂಥ ಊರುಗಳಿಗೂ ಈಗ ಈ ಹುಚ್ಚು ಬಂದಿದೆ. ನಿವೃತ್ತರಾದ ಗಂಡಸರ ಕೈಯಲ್ಲಿ ಒಂದಿಷ್ಟು ದುಡ್ಡು, ಮಕ್ಕಳು ಖಾಲಿ ಮಾಡಿಹೋದ ಒಂದು ಕೋಣೆ, ಬೇಕೆಂದ ಹಾಡೆಲ್ಲ ಫೋನಿನಲ್ಲೇ ಸಿಗುವ ಅನುಕೂಲ. ಈ ಮೂರೂ ಸೇರಿದ ಮನೆಗೆ ನಾಲ್ಕನೆಯದಾಗಿ ಬರುವುದು ಸ್ಪೀಕರೇ. ಶಿವಮೊಗ್ಗದ ನಮ್ಮ ಬೀದಿಯೊಂದರಲ್ಲೇ ಎರಡು ಮನೆಗೆ ಬಂದಿದೆ. ಅದರಲ್ಲಿ ಒಂದು ನಮ್ಮದು.

ನಮ್ಮವರದು ಹಳೇ ಪ್ರೀತಿ. 1989ರಲ್ಲಿ ಕಂತಿನ ಮೇಲೆ ತಂದ ಒಂದು ಜೊತೆ ಸ್ಪೀಕರು ಮೂವತ್ತು ವರ್ಷ ನಮ್ಮ ಹಾಲಿನಲ್ಲಿ ಹಾಡಿತು. ಕೊನೆಗೆ ಅದರ ಕೋನಿನ ಸುತ್ತ ಇರುವ ಸ್ಪಂಜಿನ ಅಂಚು ಹಳೇ ಹಪ್ಪಳದ ಹಾಗೆ ಪುಡಿಪುಡಿಯಾಗಿ ಉದುರಿತು. ಸ್ಪಂಜಿನ ಅಂಚಿನ ಸ್ಪೀಕರುಗಳ ಹಣೆಬರಹವೇ ಅಷ್ಟು. ವಯಸ್ಸಾದಂತೆ ಸ್ಪಂಜು ತಾನಾಗಿ ಸವೆಯುತ್ತದೆ. ನಮ್ಮ ಸೆಕೆ, ಮಳೆಗಾಲದ ತೇವ ಎರಡೂ ಅದನ್ನು ಇನ್ನಷ್ಟು ಬೇಗ ಮುಗಿಸುತ್ತವೆ. 2021ರಲ್ಲಿ ಇವರು ನಿವೃತ್ತರಾದರು. ಮಗಳು ಮದುವೆಯಾಗಿ ಹೋದಮೇಲೆ ಅವಳ ಓದುವ ಕೋಣೆ ಖಾಲಿಯಿತ್ತು. 2023ರಲ್ಲಿ ಒಂದು ದಿನ ಕಾಫಿ ಕುಡಿಯುತ್ತ, “ಆ ಕೋಣೆಯನ್ನ ಹಾಡು ಕೇಳೋ ಕೋಣೆ ಮಾಡ್ಬಿಡೋಣ. ಒಳ್ಳೇ ಸ್ಪೀಕರ್ ತರೋಣ. ಇನ್ಯಾವಾಗ ಕೇಳೋದು?” ಅಂದರು.

ಇನ್ಯಾವಾಗ ಕೇಳೋದು ಎನ್ನುವ ಮಾತು ನನಗೂ ತಟ್ಟಿತು. ಆ ಮಾತು ನನ್ನದೂ ಆಗಿತ್ತಲ್ಲ! ತರುವ ದುಡ್ಡಿನಲ್ಲಿ ಮೂವತ್ತು ವರ್ಷ ನಾನು ಮನೆಖರ್ಚಿನಲ್ಲಿ ಹಿಡಿದು ಹಿಡಿದು ಉಳಿಸಿದ್ದೂ ಇತ್ತು. ಅದಕ್ಕೇ ಒಂದು ಷರತ್ತು ಹಾಕಿದೆ.

“ತನ್ನಿ, ಬೇಡ ಅನ್ನಲ್ಲ. ಆದ್ರೆ ದುಡ್ಡು ಕೊಡೋಕೆ ಮುಂಚೆ ನಾನೂ ಕೂತು ಕೇಳ್ಬೇಕು.”

“ನಿಂಗೇನೇ ಗೊತ್ತಾಗತ್ತೆ ಇದ್ರಲ್ಲಿ?”

“ಸಾರಿಗೆ ಉಪ್ಪು ಕಮ್ಮಿಯಾದ್ರೆ ನಿಮಗೆ ತಕ್ಷಣ ಗೊತ್ತಾಗತ್ತೆ. ನಿಮಗೇನು ಸಾರು ಮಾಡೋಕೆ ಬರತ್ತಾ?”

ಅವರು ನಕ್ಕುಬಿಟ್ಟರು. ಷರತ್ತು ಗಟ್ಟಿಯಾಯಿತು.

ಅಂಗಡಿಯಲ್ಲಿ

ಬೆಂಗಳೂರಿನ ಅಂಗಡಿಯಲ್ಲಿ ತಂಪಾದ ಒಂದು ಕೋಣೆ, ಎದುರಿಗೆ ನಾಲ್ಕು ಜೊತೆ ಸ್ಪೀಕರುಗಳು, ನಡುವೆ ಒಂದೇ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಇವರನ್ನು ಕೂರಿಸಿದರು. ನನಗೆ ಹಿಂದಿನ ಗೋಡೆಯ ಸೋಫಾ ತೋರಿಸಿ ಒಂದು ಲೋಟ ಕಾಫಿ ತಂದುಕೊಟ್ಟರು. ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ ಅನ್ನಿ. ಆಮೇಲೆ ಯಾವುದೋ ವಿದೇಶದ ಡ್ರಮ್ಮು, ಗಾಜು ಒಡೆಯುವ ಸದ್ದು, ರೈಲು ಹೋಗುವ ಸದ್ದು ಎಲ್ಲ ಹಾಕಿದರು. ಅದೇನೋ ಬೆರಗಾಗುವಂತೆಯೇ ಇತ್ತು. ಆದರೆ ನಾವು ಮನೆಯಲ್ಲಿ ಕೂತು ರೈಲು ಕೇಳುತ್ತೇವೆಯೇ?

“ನಮ್ಮನೇಲಿ ಇದನ್ನ ಯಾರೂ ಕೇಳಲ್ಲ ಸ್ವಾಮಿ. ಗಂಗೂಬಾಯಿ ಹಾನಗಲ್ ಅವರದ್ದು ಹಾಕಿ” ಅಂದೆ. ಇವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ನಾನು ಹೋಗಿ ಕೂತೆ.

ನೀವು ಎಂದಾದರೂ ಸ್ಪೀಕರು ಕೊಳ್ಳಲು ಹೋದರೆ ಇದನ್ನು ಮರೆಯಬೇಡಿ. ನೂರು ಸಲ ಕೇಳಿ ನಿಮಗೆ ಬಾಯಿಪಾಠವಾಗಿರುವ ಹಾಡನ್ನೇ ಅಲ್ಲಿ ಹಾಕಿಸಿ. ಗೊತ್ತಿಲ್ಲದ ಸದ್ದಿನಲ್ಲಿ ಒಳ್ಳೆಯದು ಕೆಟ್ಟದ್ದು ತಿಳಿಯುವುದಿಲ್ಲ. ಮನುಷ್ಯರ ದನಿ, ತಂಬೂರಿ, ವೀಣೆ ಈ ಮೂರನ್ನು ಕೇಳಿಸಿಕೊಂಡರೆ ಸಾಕು. ಗಂಗೂಬಾಯಿಯವರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಭೀರವಾಗಿ ಇಳಿದ ದನಿ. ಚಿಕ್ಕ ರೇಡಿಯೋದಲ್ಲಿ ಮೊದಲ ಸಲ ಕೇಳುವವರು ಗಂಡಸರು ಹಾಡುತ್ತಿದ್ದಾರೆ ಎಂದುಕೊಂಡರೂ ಆಶ್ಚರ್ಯವಿಲ್ಲ. ಒಳ್ಳೆಯ ಸ್ಪೀಕರಿನಲ್ಲಿ ಆ ದನಿ ಎದೆಯಿಂದ ಏಳುವುದು, ಸ್ವರದ ನಡುವೆ ಅವರು ಉಸಿರು ತೆಗೆದುಕೊಳ್ಳುವುದು ಎಲ್ಲ ಕೇಳಿಸುತ್ತದೆ. ಹಾಡುತ್ತಿರುವವರು ಒಬ್ಬ ಹೆಂಗಸು ಎನ್ನುವುದರಲ್ಲಿ ಅನುಮಾನವೇ ಉಳಿಯುವುದಿಲ್ಲ.

ತಂಬೂರಿಯದು ಇನ್ನೂ ಸ್ವಾರಸ್ಯ. ಸ್ವರದ ಎತ್ತರವನ್ನು ಹರ್ಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ತಂತಿ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತದೋ ಅಷ್ಟು ಹರ್ಟ್ಸ್. ಹೆಂಗಸರ ಶ್ರುತಿಗೆ ಕೂಡಿಸಿದ ತಂಬೂರಿಯ ದಪ್ಪ ತಂತಿ, ಅಂದರೆ ಮಂದ್ರ ಷಡ್ಜ, ಸುಮಾರು 100 ಹರ್ಟ್ಸ್. ಗಂಡಸರ ಶ್ರುತಿಗಾದರೆ ಸುಮಾರು 70. ಕೈಯಲ್ಲಿ ಹಿಡಿಯುವ ರೇಡಿಯೋದ ಮೂರು ಇಂಚಿನ ಸ್ಪೀಕರು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಹಾಗಾದರೆ ನಾವು ಇಷ್ಟು ವರ್ಷ ರೇಡಿಯೋದಲ್ಲಿ ಆ ಷಡ್ಜವನ್ನು ಕೇಳಿದ್ದು ಹೇಗೆ? ಒಂದು ತಂತಿ ಮಿಡಿದಾಗ ಅದರ ಮೂಲ ಸ್ವರದ ಜೊತೆಗೆ ಮೇಲಿನ ಹಲವು ಸ್ವರಾಂಶಗಳೂ ಹುಟ್ಟುತ್ತವೆ. ರೇಡಿಯೋ ಕೊಡುವುದು ಮೇಲಿನವನ್ನು ಮಾತ್ರ. ಅವುಗಳ ಲೆಕ್ಕ ಹಿಡಿದು ಕೆಳಗಿನದನ್ನು ನಮ್ಮ ಮೆದುಳೇ ತುಂಬಿಕೊಳ್ಳುತ್ತದೆ. ಇಲ್ಲದ್ದನ್ನು ಇದ್ದಂತೆ ತುಂಬಿಕೊಂಡು ನಡೆಸುವುದು ನಮಗೇನು ಹೊಸದೇ ಹೇಳಿ! ಆದರೆ ನಿಜವಾದ ಷಡ್ಜ ಎದುರಿಗೆ ನಿಂತಾಗ ಇಷ್ಟು ದಿನ ಏನಿರಲಿಲ್ಲ ಎನ್ನುವುದು ಎದೆಗೇ ತಿಳಿಯುತ್ತದೆ.

ದೊಡ್ಡದೋ ಚಿಕ್ಕದೋ

ಇವರ ಕಣ್ಣು ಆಳೆತ್ತರದ ಎರಡು ಕಂಬಗಳ ಮೇಲೆ ಬಿದ್ದಿತ್ತು. ಬೆಲೆ ಮೂರೂವರೆ ಲಕ್ಷ. ನನಗೆ ಒಪ್ಪಿಗೆಯಾದದ್ದು ಸ್ಟ್ಯಾಂಡಿನ ಮೇಲೆ ಕೂರುವ ಚಿಕ್ಕ ಪೆಟ್ಟಿಗೆಗಳು. ಸ್ಟ್ಯಾಂಡು ಸೇರಿ ಒಂದೂವರೆ ಲಕ್ಷ. ಅದೂ ಕಡಿಮೆ ದುಡ್ಡೇನಲ್ಲ. ಅಗ್ಗ ಅಂತ ನಾನು ಅದನ್ನು ಹೇಳಲಿಲ್ಲ. ನಮ್ಮ ಕೋಣೆಯ ಅಳತೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಉದ್ದ 12 ಅಡಿ, ಅಗಲ 10, ಎತ್ತರ 10.

ಪರದೆ ಹೊಲಿಸುವವರಿಗೆ ಅಳತೆ ಎಷ್ಟು ಮುಖ್ಯವೋ ಸ್ಪೀಕರು ಕೊಳ್ಳುವವರಿಗೂ ಅಷ್ಟೇ ಮುಖ್ಯ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಎದುರುಬದುರು ಗೋಡೆಗಳ ನಡುವಿನ ಅಳತೆಯನ್ನು ದುಪ್ಪಟ್ಟು ಮಾಡಿ, ಆ ಸಂಖ್ಯೆಯಿಂದ 1130ನ್ನು ಭಾಗಿಸಿ. ಬರುವ ಉತ್ತರವೇ ಆ ಎರಡು ಗೋಡೆಗಳ ನಡುವೆ ‘ಗುಂ’ ಅಂತ ನಿಂತುಬಿಡುವ ಸ್ವರ. 12 ಅಡಿಗೆ 47 ಹರ್ಟ್ಸ್ ಬರುತ್ತದೆ, 10 ಅಡಿಗೆ 56. ನಮ್ಮ ಕೋಣೆಯ ಅಗಲ, ಎತ್ತರ ಎರಡೂ ಒಂದೇ ಆದ್ದರಿಂದ ಎರಡರ ಗುಂಕಾರವೂ ಒಂದೇ ಜಾಗದಲ್ಲಿ ಒಂದರ ಮೇಲೊಂದು ಏರಿ ಕೂರುತ್ತದೆ. ಹತ್ತು ಅಡಿ ಸೂರು, ಹತ್ತು ಅಡಿ ಕೋಣೆ ನಮ್ಮ ಕಡೆ ಎಷ್ಟು ಮನೆಗಳಲ್ಲಿಲ್ಲ! ಆಳೆತ್ತರದ ಕಂಬಗಳು ಇಂಥ ಕೆಳಗಿನ ಸ್ವರಗಳನ್ನೇ ಜೋರಾಗಿ ಕೊಡುತ್ತವೆ. ಚಿಕ್ಕ ಕೋಣೆಗೆ ಅವನ್ನು ತರುವುದೂ ಒಂದೇ, ಇಬ್ಬರ ಅಡುಗೆಗೆ ಮದುವೆಮನೆಯ ಕೊಪ್ಪರಿಗೆ ಒಲೆಗೇರಿಸುವುದೂ ಒಂದೇ.

ಚಿಕ್ಕ ಪೆಟ್ಟಿಗೆ ಅಂದರೆ ಕೀಳು ಪೆಟ್ಟಿಗೆ ಅಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ.ಯ ಎಂಜಿನಿಯರುಗಳು ಎಲ್ಎಸ್3/5ಎ ಎಂಬ ಒಂದು ಸ್ಪೀಕರು ಮಾಡಿದರು. ಹೊರಗಡೆಯ ಕಾರ್ಯಕ್ರಮಗಳನ್ನು ಪ್ರಸಾರ ಮಾಡುವ ವ್ಯಾನಿನಲ್ಲಿ ದೊಡ್ಡ ಪೆಟ್ಟಿಗೆ ಹಿಡಿಸುತ್ತಿರಲಿಲ್ಲ. ಮಾತಾಡುವವರ ದನಿ ಸಹಜವಾಗಿ ಇದೆಯೋ ಇಲ್ಲವೋ ಅಂತ ಪರೀಕ್ಷಿಸಲು ಅವರಿಗೆ ಒಂದು ಪುಟ್ಟ ಸ್ಪೀಕರು ಬೇಕಿತ್ತು. ಅದರ ಎತ್ತರ ಬರೀ ಒಂದಡಿ. ಮನುಷ್ಯರ ದನಿಯನ್ನು ಅದು ಎಷ್ಟು ಚೆನ್ನಾಗಿ ನುಡಿಯಿತೆಂದರೆ ಹಲವು ಕಂಪನಿಗಳು ಅದನ್ನು ಮನೆಬಳಕೆಗೂ ಮಾಡಿ ಮಾರಿದವು. ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ನಾವು ತಂದದ್ದೂ ಅದೇ ಜಾತಿಯ ಪೆಟ್ಟಿಗೆ. ಮಿಕ್ಕ ಎರಡು ಲಕ್ಷ ಬ್ಯಾಂಕಿನಲ್ಲೇ ಉಳಿಯಿತು.

ಮನೆಯಲ್ಲಿ

ಮೊದಲ ಸಂಜೆ ಇವರ ಮುಖ ಸಪ್ಪಗಾಯಿತು. ಅಂಗಡಿಯಲ್ಲಿ ಕೇಳಿದ ದನಿ ಇದಲ್ಲವೇ ಅಲ್ಲ. ಖಾಲಿ ಛತ್ರದಲ್ಲಿ ಮೈಕು ಹಾಕಿದಂತೆ ಕಣಕಣ. “ಆಂಪ್ಲಿಫೈಯರೂ ಬದಲಾಯಿಸ್ಬೇಕೇನೋ” ಅಂದರು. ಈ ಹುಚ್ಚಿನ ಲಕ್ಷಣವೇ ಅದು. ಒಂದು ತಂದರೆ ಅದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ತಂತಿ, ತಂತಿಯ ಬೆನ್ನಿಗೆ ಮತ್ತೊಂದು. ಇಲ್ಲಿ ನಾವು ಹೆಂಗಸರು ಸ್ವಲ್ಪ ಗಟ್ಟಿಯಾಗಿ ನಿಲ್ಲಬೇಕು. ಅದಕ್ಕೆ ಬೇಕಾದ ವಿದ್ಯೆ ನಮ್ಮ ಕೈಯಲ್ಲೇ ಇದೆ.

ಸುಣ್ಣಬಣ್ಣಕ್ಕೆ ಅಂತ ಸಾಮಾನೆಲ್ಲ ಹೊರಗಿಟ್ಟಾಗ ಮನೆಯಲ್ಲಿ ಮಾತಾಡಿದರೆ ಹೇಗೆ ಕೇಳಿಸುತ್ತದೆ ನೆನಪಿಸಿಕೊಳ್ಳಿ. ನಮ್ಮ ಮಾತೇ ನಮಗೆ ತಿರುಗಿ ಬರುತ್ತದೆ. ಹಾಸಿಗೆ, ಬೀರು, ಬಟ್ಟೆ ಎಲ್ಲ ಒಳಗೆ ಬಂದಮೇಲೆ ಅದು ನಿಲ್ಲುತ್ತದೆ. ಹಾಡಿನ ಕೋಣೆಗೂ ಅದೇ ಮದ್ದು. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆ ‘ಝಿಂ’ ಅಂತ ಬಾಲ ಬಂದರೆ ಗೋಡೆಗಳು ಬೋಳಾಗಿವೆ ಅಂತ ಅರ್ಥ.

ನಮ್ಮವರು ಫೋನಿನಲ್ಲಿ ಒಂದೊಂದಕ್ಕೆ ಸಾವಿರಾರು ರೂಪಾಯಿಯ ಸ್ಪಂಜಿನ ಹಲಗೆಗಳನ್ನು ನೋಡುತ್ತಿರುವಾಗ ನಾನು ಅಟ್ಟ ಹತ್ತಿದೆ. ನವಲಗುಂದದ ಜಮಖಾನೆ ಇಳಿಯಿತು. ಅದನ್ನು ಸ್ಪೀಕರಿಗೂ ಕುರ್ಚಿಗೂ ನಡುವಿನ ನೆಲಕ್ಕೆ ಹಾಸಿದೆ. ಗಾಜಿನ ಕಿಟಕಿಗೆ ಅಗಲದ ಎರಡರಷ್ಟು ಬಟ್ಟೆ ತೆಗೆದುಕೊಂಡು ದಟ್ಟ ನೆರಿಗೆಯ ದಪ್ಪ ಪರದೆ ಹಾಕಿದೆ. ಇವರ ಪುಸ್ತಕದ ಕಪಾಟನ್ನು ಕುರ್ಚಿಯ ಹಿಂದಿನ ಗೋಡೆಗೆ ತಂದೆವು. ಹೆಚ್ಚುಕಮ್ಮಿ ಎತ್ತರದ ಪುಸ್ತಕಗಳು ಶಬ್ದವನ್ನು ಒಂದೇ ಕಡೆಗೆ ತಿರುಗಿಸದೆ ಚದುರಿಸುತ್ತವೆ. ಇನ್ನು ಪಕ್ಕದ ಗೋಡೆಗಳು. ಇದಕ್ಕೊಂದು ಸುಲಭ ಉಪಾಯವಿದೆ. ಒಬ್ಬರು ಕುರ್ಚಿಯಲ್ಲಿ ಕೂರಬೇಕು, ಇನ್ನೊಬ್ಬರು ಮುಖ ನೋಡುವ ಕನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ ಹಿಡಿದು ಮೆಲ್ಲಗೆ ಸರಿಸಬೇಕು. ಕೂತವರಿಗೆ ಕನ್ನಡಿಯಲ್ಲಿ ಸ್ಪೀಕರು ಕಂಡ ಜಾಗದಿಂದಲೇ ಶಬ್ದ ಬಡಿದು ಅವರ ಕಿವಿಗೆ ಬರುತ್ತದೆ. ಆ ಜಾಗಕ್ಕೆ ಅಮ್ಮ ಹಳೇ ಸೀರೆಗಳಿಂದ ಹೊಲಿದುಕೊಟ್ಟ ದಪ್ಪ ಕೌದಿ ತೂಗುಹಾಕಿದೆ.

ತೆಳು ಬಟ್ಟೆ ಹೀರುವುದು ಮೇಲಿನ ಸ್ವರಗಳನ್ನು ಮಾತ್ರ. ಕೆಳಗಿನ ಗುಂಕಾರಕ್ಕೆ ದಪ್ಪ ಸಾಮಾನೇ ಬೇಕು. ಸುತ್ತಿಟ್ಟ ಎರಡು ಹತ್ತಿಯ ಹಾಸಿಗೆಗಳನ್ನು ಎರಡು ಮೂಲೆಗೆ ನಿಲ್ಲಿಸಿದೆ. ಸ್ಪೀಕರುಗಳನ್ನು ಮೂಲೆಯಿಂದ ಈಚೆಗೆ, ಹಿಂದಿನ ಗೋಡೆಯಿಂದ ಎರಡಡಿ ಮುಂದಕ್ಕೆ ತಂದೆವು. ಪೂರ್ತಿ ಹೋಯಿತು ಅಂತ ಹೇಳಲಾರೆ, ಅರ್ಧಕ್ಕರ್ಧ ಇಳಿಯಿತು. ಭಾನುವಾರ ಮಧ್ಯಾಹ್ನದೊಳಗೆ ಗಂಗೂಬಾಯಿಯವರು ನಮ್ಮ ಕೋಣೆಗೆ ಬಂದು ಕೂತರು. ಆಂಪ್ಲಿಫೈಯರಿನ ಮಾತು ಅಲ್ಲಿಗೇ ನಿಂತಿತು.

ಅಡುಗೆಮನೆಗೆ ಬರುವುದೇನು?

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಬೀದಿಯ ಇನ್ನೊಂದು ಮನೆಗೆ ನಮಗಿಂತ ಮೊದಲೇ ಸ್ಪೀಕರು ಬಂದಿತ್ತು, ಅದೂ ದೊಡ್ಡ ಕಂಬದ್ದು. ಆ ಮನೆಯಾಕೆ ಒಂದು ದಿನ ಹೂ ಕಟ್ಟುತ್ತ ಕೂತಾಗ ಹೇಳಿದರು: “ದೊಡ್ಡದು ಬಂತಲ್ಲ, ಇನ್ನು ಈ ಡಬ್ಬಾ ಯಾಕೆ ಅಂತ ಅಡುಗೆಮನೆ ರೇಡಿಯೋನ ತೆಗೆದು ಅಟ್ಟಕ್ಕೆ ಹಾಕಿದ್ರು ಕಣ್ರೀ. ಈಗ ನನಗೆ ಕೇಳ್ಸೋದು ಬರೀ ಗುಂ ಗುಂ. ಮೊದ್ಲು ನನಗೆ ಅಂತ ಒಂದು ಹಾಡಾದ್ರೂ ಇತ್ತು.”

ಆಕೆ ಉತ್ಪ್ರೇಕ್ಷೆ ಮಾಡುತ್ತಿರಲಿಲ್ಲ. ಶಬ್ದದ ಗುಣವೇ ಹಾಗೆ. ಕೆಳಗಿನ ಸ್ವರಗಳು ಬಾಗಿಲು ದಾಟಿ, ಮೂಲೆ ತಿರುಗಿ, ಗೋಡೆಯನ್ನೂ ತೂರಿ ಹೋಗುತ್ತವೆ. ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರ ಹೋಗುವಂಥವು. ಮೂಲೆ ತಿರುಗುವಷ್ಟರಲ್ಲಿ ಸೊರಗಿಹೋಗುತ್ತವೆ. ಮಾತಿನ ಸ್ಪಷ್ಟತೆ ಇರುವುದು ಆ ಮೇಲಿನ ಸ್ವರಗಳಲ್ಲಿ. ಹಾಗಾಗಿ ಎಷ್ಟೇ ಲಕ್ಷ ಕೊಟ್ಟು ತಂದರೂ ಒಲೆಯ ಮುಂದೆ ನಿಂತವಳಿಗೆ ಬಂದು ಸೇರುವುದು ಮೃದಂಗದ ತೊಪ್ಪಿಯೇ ಹೊರತು ಹಾಡಿನ ಸಾಹಿತ್ಯವಲ್ಲ. ಅವಳಿಗಿಂತ ಎರಡಡಿ ದೂರದ ಶೆಲ್ಫಿನಲ್ಲಿ ಕೂತಿದ್ದ ಪುಟ್ಟ ರೇಡಿಯೋ ಮಾತನ್ನು ನೇರ ಅವಳ ಕಿವಿಗೇ ಹೇಳುತ್ತಿತ್ತು.

ಕೋಣೆಯ ಒಳಗೆ ಬಂದರೂ ಎಲ್ಲ ಜಾಗವೂ ಒಂದೇ ಅಲ್ಲ. ಎರಡು ಸ್ಪೀಕರುಗಳ ನಡುವೆ ಆರಡಿ ಇದ್ದರೆ ಕೇಳುವವರು ಎರಡರಿಂದಲೂ ಆರಾರು ಅಡಿ ದೂರದಲ್ಲಿ ಕೂರಬೇಕು. ಮೂರು ಮೂಲೆಯೂ ಸಮನಾದ ತ್ರಿಕೋನ. ಆಗ ಹಾಡುವವರು ಎದುರಿಗೆ ನಟ್ಟನಡುವೆ ಕೂತಂತೆ, ಪಿಟೀಲು ಒಂದು ಪಕ್ಕ, ಮೃದಂಗ ಇನ್ನೊಂದು ಪಕ್ಕ ಇದ್ದಂತೆ ಕೇಳುತ್ತದೆ. ಒಂದಡಿ ಪಕ್ಕಕ್ಕೆ ಸರಿದರೆ ಇಡೀ ಕಚೇರಿಯೇ ಹತ್ತಿರದ ಸ್ಪೀಕರಿನ ಕಡೆಗೆ ಜಾರುತ್ತದೆ. ಮೇಲಿನ ಸ್ವರಗಳನ್ನು ನುಡಿಯುವ ಟ್ವೀಟರ್ ಎಂಬ ಪುಟ್ಟ ಗುಮ್ಮಟವನ್ನು ಕುರ್ಚಿಯಲ್ಲಿ ಕೂತವರ ಕಿವಿಯ ಮಟ್ಟಕ್ಕೆ, ನೆಲದಿಂದ ಸುಮಾರು ಮೂರಡಿಗೆ ಇಡುತ್ತಾರೆ. ನಮ್ಮ ಮನೆಗಳಲ್ಲಿ ಆ ಮಟ್ಟದಲ್ಲಿ ಕೂರುವವರು ಯಾರು? ಗೋಡೆಗೆ ಒರಗಿ ನೆಲದ ಮೇಲೆ ಕೂತು ಸೊಪ್ಪು ಬಿಡಿಸುವವರು ಯಾರು? ಸೋದರಿಯರೇ, ಒಂದೇ ಕೋಣೆಯಲ್ಲಿ ಒಂದೇ ಹಾಡು ಎರಡು ಥರ ಬಡಿಸಲ್ಪಡುತ್ತದೆ. ಕುರ್ಚಿಗೆ ಗಟ್ಟಿ ಮೊಸರು, ನೆಲಕ್ಕೆ ನೀರುಮಜ್ಜಿಗೆ.

ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ನಮ್ಮ ಅತ್ತೆಯವರಿಂದ. ಅವರಿಗೆ ಎಂಬತ್ನಾಲ್ಕು. ದೇವರನಾಮವೆಂದರೆ ಪ್ರಾಣ. ಹೊಸ ಸ್ಪೀಕರು ಬಂದಾಗ ಗೋಡೆಯ ಪಕ್ಕದ ತಗ್ಗು ದಿವಾನದ ಮೇಲೆ ಕೂರುತ್ತಿದ್ದರು. “ರಾಗ ಕೇಳ್ಸತ್ತೆ ಕಣೇ, ಮಾತು ತಿಳಿಯಲ್ಲ” ಅನ್ನುತ್ತಿದ್ದರು. ಇವರು ಶಬ್ದ ಹೆಚ್ಚಿಸುತ್ತಿದ್ದರು. ಅದರಿಂದ ಗದ್ದಲ ಹೆಚ್ಚಾಗುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ‘ಸ’, ‘ಶ’, ‘ತ’, ‘ಕ’ ಇಂಥ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಒಂದು ದಿನ ಅವರ ಕೈ ಹಿಡಿದು ತಂದು ನಡುವಿನ ಕುರ್ಚಿಯಲ್ಲಿ ಕೂರಿಸಿದೆ. ಟ್ವೀಟರುಗಳು ನೇರ ಅವರ ಕಿವಿಯ ಕಡೆ ಮುಖ ಮಾಡುವಂತೆ ಪೆಟ್ಟಿಗೆಗಳನ್ನು ತುಸು ಒಳಕ್ಕೆ ತಿರುಗಿಸಿದೆ. ಶಬ್ದವನ್ನು ಇಳಿಸಿಯೇ ಇಟ್ಟೆ. ದಾಸರ ಪದ ಒಂದು ಮುಗಿಯಿತು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂರನೇ ನುಡಿ ಕೇಳಿ ಎಷ್ಟು ವರ್ಷ ಆಗಿತ್ತೋ. ಇನ್ನೊಂದ್ಸಲ ಹಾಕೇ” ಅಂದರು.

ನಮ್ಮವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಮಾತಾಡದೆ ಹೋಗಿ ಅಮ್ಮನಿಗೆ ಶಾಲು ತಂದು ಹೊದಿಸಿದರು. ಅಂದಿನಿಂದ ಬೆಳಿಗ್ಗೆ ಎಂಟರಿಂದ ಒಂಬತ್ತು ಆ ಕುರ್ಚಿ ಅತ್ತೆಯವರದು. (ಇಂಥ ಲಕ್ಷಣ ಕಂಡರೆ ಕಿವಿಯ ವೈದ್ಯರಿಗೂ ತೋರಿಸಿ. ಸ್ಪೀಕರು ಔಷಧಿಯಲ್ಲ. ನಾವೂ ತೋರಿಸಿದ್ದೇವೆ.)

ನನ್ನ ಒಂದು ಗಂಟೆ

ಆಮೇಲೆ ನನ್ನ ಸರದಿ ಕೇಳಿದೆ. ಸಂಜೆ ನಾಲ್ಕರಿಂದ ಐದು. ಅಡುಗೆಮನೆಯ ರೇಡಿಯೋ ಅಲ್ಲೇ ಇರುತ್ತದೆ ಅಂತಲೂ ಸ್ಪಷ್ಟ ಹೇಳಿದೆ. ಕೆಲಸ ಮಾಡುವಾಗಿನ ಜೊತೆಗೆ ಭದ್ರಾವತಿ ಆಕಾಶವಾಣಿಯೇ ಸರಿ, ಕೂತು ಕೇಳುವುದಕ್ಕೆ ಆ ಕೋಣೆ. ಇವರು, “ನಾಲ್ಕು ಗಂಟೆಗೆ ಕಾಫಿ?” ಅಂತ ಕೇಳಿದರು. “ನಾಲ್ಕು ಗಂಟೆಗೆ ಕಾಫಿ ನೀವು ಮಾಡ್ತೀರಿ” ಅಂದೆ. ಮೊದಲ ವಾರ ಅದು ಕಾಫಿಯೂ ಅಲ್ಲ, ಕಷಾಯವೂ ಅಲ್ಲ. ಈಗ ಕುಡಿಯುವ ಹಾಗಿದೆ.

ಹೇಳಿದಷ್ಟು ಸುಲಭವಿರಲಿಲ್ಲ ಆ ಗಂಟೆ. ಕುರ್ಚಿ ಸಿಕ್ಕಿತು, ಕೈಗೆ ಏನು ಮಾಡಬೇಕೋ ತಿಳಿಯಲಿಲ್ಲ. ನಾವು ಹುಟ್ಟಿದಾರಭ್ಯ ಹಾಡು ಕೇಳಿರುವುದು ಅವರೆಕಾಳು ಹಿಸುಕುತ್ತ, ಅಕ್ಕಿ ಆರಿಸುತ್ತ, ಬಟ್ಟೆ ಮಡಿಸುತ್ತ. ಬರಿಗೈಯಲ್ಲಿ ಕೂತರೆ ಏನೋ ಕದ್ದಂತೆ ಅನ್ನಿಸುತ್ತದೆ. ಬಾಗಿಲ ಗಂಟೆ, ಹಾಲಿನವನ ಕೂಗು, ಇಸ್ತ್ರಿಯವನು ಎಲ್ಲಕ್ಕೂ ಕಾಲು ತಾನಾಗಿ ಏಳುತ್ತದೆ. ನಾಲ್ಕೈದು ದಿನ ಹಾಗೇ ಆಯಿತು. ಆಮೇಲೊಂದು ದಿನ ಮೈಸೂರು ವಿ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಹಾಕಿಕೊಂಡು ಕೂತೆ. ಮಿಡಿತ ಮುಗಿದಮೇಲೂ ತಂತಿಯಲ್ಲಿ ಉಳಿಯುವ ನಾದ, ಮೆಟ್ಟಿಲ ಮೇಲೆ ಬೆರಳು ಜಾರುವ ಸಣ್ಣ ಸದ್ದು, ಒಂದು ಸ್ವರವನ್ನು ಎಳೆದು ಇನ್ನೊಂದಕ್ಕೆ ಮುಟ್ಟಿಸುವ ನಿಧಾನ ಎಲ್ಲ ಕೇಳಿಸಿತು. ಅದೇ ವೀಣೆಯನ್ನು ನಾನು ಎಷ್ಟೋ ಸಲ ‘ಕೇಳಿದ್ದೆ’, ಒಗ್ಗರಣೆಯ ಚಟಪಟದ ನಡುವೆ. ಆ ದಿನ ಯಾರೋ ಬಾಗಿಲು ತಟ್ಟಿದರು. ನಾನು ಏಳಲಿಲ್ಲ. ಇವರು ಹೋಗಿ ತೆಗೆದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಒಂದು ಚರಿತ್ರೆಯ ಮಾತು ಹೇಳುತ್ತೇನೆ. 1902ರಲ್ಲಿ ಕಲ್ಕತ್ತೆಯಲ್ಲಿ ನಮ್ಮ ದೇಶದ ಮೊದಮೊದಲ ಧ್ವನಿಮುದ್ರಣಗಳು ಆದಾಗ ಹಾಡಿದವರು ಹೆಣ್ಣುಮಕ್ಕಳು. ಅವರಲ್ಲಿ ಪ್ರಸಿದ್ಧರಾದವರು ಗೌಹರ್ ಜಾನ್. ಆಗ ಮೈಕು ಇರಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು, ಸುಮಾರು ಮೂರು ನಿಮಿಷದಲ್ಲಿ ರಾಗವನ್ನೆಲ್ಲ ಮುಗಿಸಬೇಕು. ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಆಕೆ 1928ರಲ್ಲಿ ಮೈಸೂರಿಗೆ ಅರಮನೆಯ ಗಾಯಕಿಯಾಗಿ ಬಂದರು. 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಕಹಳೆಯ ಮುಂದೆ ನಿಂತು ಹಾಡಲು ಹೆಣ್ಣು ಮೊದಲು ಬಂದಳು. ಸ್ಪೀಕರಿನ ಮುಂದೆ ಕೂತು ಕೇಳಲು ಮಾತ್ರ ನಾವು ಇನ್ನೂ ಬಾಗಿಲ ಹೊರಗೇ ನಿಂತಿದ್ದೇವಲ್ಲ!

ನಾಲ್ಕು ಕಿವಿಮಾತು

ನಿಮ್ಮ ಮನೆಗೆ ಸ್ಪೀಕರು ಬರುವುದಿದ್ದರೆ ಇಷ್ಟು ನೆನಪಿಡಿ.

ವ್ಯಾಟಿನ ಲೆಕ್ಕಕ್ಕೆ ಮರುಳಾಗಬೇಡಿ. 50 ವ್ಯಾಟಿನದು 100 ಆದರೆ ಶಬ್ದ ಹೆಚ್ಚುವುದು ಬರೀ 3 ಡೆಸಿಬೆಲ್; ಕಿವಿಗೆ ಅದು ಸ್ವಲ್ಪವೇ ಜೋರು. ದುಡ್ಡು ಮಾತ್ರ ದುಪ್ಪಟ್ಟಾಗಬಹುದು.

ಟ್ವೀಟರಿನ ಗುಮ್ಮಟ ಒಂದು ಇಂಚಿನದು, ಬಹಳ ತೆಳು. ರೇಷ್ಮೆಯದೋ ಲೋಹದ್ದೋ ಇರುತ್ತದೆ. ಮೊಮ್ಮಕ್ಕಳ ಬೆರಳು ಒತ್ತಿ ಒಮ್ಮೆ ತಗ್ಗಾದರೆ ಲೋಹದ್ದು ಮತ್ತೆ ಸರಿಹೋಗುವುದಿಲ್ಲ. ಜಾಲರಿ ಇದ್ದರೆ ಹಾಕಿಯೇ ಇಡಿ. ಕೋನನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಒಣಗಿದ ಮೃದು ಕುಂಚದಿಂದ ಧೂಳು ತೆಗೆಯಿರಿ. ಆಯುಧಪೂಜೆಯ ದಿನ ಕುಂಕುಮವನ್ನು ಪೆಟ್ಟಿಗೆಯ ಹಿಂಬದಿಗೆ ಇಡಿ. ದೇವರಿಗೆ ಎಲ್ಲ ಕಡೆಯಿಂದಲೂ ಕಾಣುತ್ತದೆ. ರೇಡಿಯೋಗೆ ಹಾಕುತ್ತಿದ್ದ ಕ್ರೋಶಾ ಹೊದಿಕೆ ಚಂದ ನಿಜ, ಆದರೆ ಹಾಡುವಾಗ ಸ್ಪೀಕರಿನ ಮುಖಕ್ಕೆ ಬೇಡ.

ಕಿವಿಯನ್ನು ಕಾಪಾಡಿಕೊಳ್ಳಿ. ದೊಡ್ಡವರಿಗೆ 80 ಡೆಸಿಬೆಲ್ ಶಬ್ದ ವಾರಕ್ಕೆ 40 ಗಂಟೆಯವರೆಗೆ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹೇಳಿದೆ. ಶಬ್ದ ಜೋರಾದಷ್ಟೂ ಆ ಗಂಟೆಗಳು ಬೇಗ ಕರಗುತ್ತವೆ. ಮಿಕ್ಸಿಯ ಸದ್ದು ಸಾಮಾನ್ಯವಾಗಿ ಇದನ್ನೂ ಮೀರುತ್ತದೆ ಎನ್ನುವುದು ನಿಮ್ಮ ಗಮನದಲ್ಲಿರಲಿ. ಹಾಡಿನ ನಡುವೆ ಎದುರಿಗಿರುವವರ ಮಾತು ಕೂಗದೆ ಕೇಳಿಸಬೇಕು, ಅಷ್ಟೇ ಇಡಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ದುಡ್ಡು ಕೊಡುವ ಮೊದಲು ಅಂಗಡಿಯಲ್ಲಿ ಕೂತು ಕೇಳಿ, ತಂದಮೇಲೆ ಮನೆಯಲ್ಲಿ ಕೂತು ಕೇಳಿ. ಲಕ್ಷದ ಸ್ಪೀಕರೇ ಬೇಕು ಅಂತಿಲ್ಲ. ಫೋನಿಗೆ ಜೋಡಿಸಿದ ಸಣ್ಣ ಡಬ್ಬಿಯಾದರೂ ಸರಿ, ಅದನ್ನು ಕಿವಿಯ ಎತ್ತರಕ್ಕೆ ಇಟ್ಟು ಎದುರಿಗೆ ಕುರ್ಚಿ ಹಾಕಿಕೊಳ್ಳಿ. ಮಡಿಲಲ್ಲಿ ಸೊಪ್ಪಿನ ತಟ್ಟೆ ಬೇಡ. ಒಂದು ಹಾಡು ಮುಗಿಯುವವರೆಗೆ ಏಳಬೇಡಿ. ಮನೆಯವರು ಮೊದಲ ದಿನ ಕೇಳುತ್ತಾರೆ, “ಮೈ ಹುಷಾರಿಲ್ವಾ?” ಅಂತ. “ಹುಷಾರಾಗಿದ್ದೀನಿ, ಹಾಡು ಕೇಳ್ತಾ ಇದ್ದೀನಿ” ಅನ್ನಿ. ಎರಡನೇ ವಾರಕ್ಕೆ ಅವರಿಗೂ ರೂಢಿಯಾಗುತ್ತದೆ.